ದಿನ ತುಂಬದ ಕೂಸಿನ ಉಸಿರು

"ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದು ಉಳಿಯಲ್ಲ." ಈ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅಜ್ಜಿ ಹೇಳಿದ್ದಾರೆ, ಅತ್ತೆ ಹೇಳಿದ್ದಾರೆ, ಓಣಿಯ ಹಿರಿಯರು ಹೇಳಿದ್ದಾರೆ. ಎಷ್ಟೋ ಜನ ಇದನ್ನು ನಿಜ ಅಂತಲೇ ನಂಬಿದ್ದಾರೆ.

ಇದು ನಿಜ ಅಲ್ಲ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಕೂಸಿನ ಶ್ವಾಸಕೋಶ ಬಲಿಯುತ್ತಾ ಹೋಗುತ್ತದೆ. ಏಳು ತಿಂಗಳ ಕೂಸಿಗಿಂತ ಎಂಟು ತಿಂಗಳ ಕೂಸಿಗೆ ಬದುಕುವ ಬಲ ಹೆಚ್ಚು. ಆದರೆ ಹಳೇ ಮಾತು ನಂಬಿ, ಎಂಟು ತಿಂಗಳ ಕೂಸನ್ನು ಆಸ್ಪತ್ರೆಗೆ ಒಯ್ಯದೆ ಮೂಲೆಯಲ್ಲಿ ಮಲಗಿಸಿದರೆ ಏನಾಗುತ್ತದೆ? ಉಳಿಯುವ ಕೂಸೂ ಹೋಗುತ್ತದೆ. ಆಮೇಲೆ "ನೋಡಿದ್ರಾ, ನಾನು ಹೇಳಿದ್ದೇ ಆಯ್ತು" ಅನ್ನುವವರು ಇದ್ದೇ ಇರುತ್ತಾರೆ.

ದಿನ ತುಂಬುವುದು ಅಂದರೆ ಏನು? ವೈದ್ಯರು ತಿಂಗಳ ಲೆಕ್ಕ ಇಡುವುದಿಲ್ಲ, ವಾರದ ಲೆಕ್ಕ ಇಡುತ್ತಾರೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಕೆ ಶುರು. 40 ವಾರಕ್ಕೆ, ಅಂದರೆ 280 ದಿನಕ್ಕೆ ಪೂರ್ತಿ ದಿನ ತುಂಬಿತು ಅಂತ ಲೆಕ್ಕ. 37 ವಾರ ಆಗುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಕೂಸು. 34 ವಾರಕ್ಕೂ ಮೊದಲು ಹುಟ್ಟಿದರೆ ಉಸಿರಾಟದ ತೊಂದರೆ ಬರುವುದು ಹೆಚ್ಚು. ಇನ್ನೂ ಮುಂಚೆ ಹುಟ್ಟಿದಷ್ಟೂ ತೊಂದರೆ ಇನ್ನೂ ಹೆಚ್ಚು.

ಹೊಟ್ಟೆಯೊಳಗೆ ಇರುವಾಗ ಕೂಸು ನಮ್ಮ ಹಾಗೆ ಗಾಳಿ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೊಕ್ಕುಳ ಬಳ್ಳಿಯಿಂದ, ತಾಯಿಯ ರಕ್ತದಿಂದ ಬರುತ್ತದೆ. ಅದರ ಶ್ವಾಸಕೋಶದಲ್ಲಿ ನೀರು ತುಂಬಿರುತ್ತದೆ. ಹುಟ್ಟಿದ ಕೂಡಲೆ ಕೂಸು ಅಳುತ್ತದೆ ನೋಡಿ, ಆ ಅಳುವಿನಲ್ಲೇ ಗಾಳಿ ಒಳಗೆ ನುಗ್ಗುತ್ತದೆ. ನೀರು ಹಿಂದೆ ಸರಿಯುತ್ತದೆ. ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಗಾಳಿ ಚೀಲಗಳು ಬಿಚ್ಚಿಕೊಳ್ಳುತ್ತವೆ. ಅವು ಸಾಸಿವೆ ಕಾಳಿಗಿಂತಲೂ ಬಲು ಸಣ್ಣವು. ಕಣ್ಣಿಗೆ ಕಾಣುವುದಿಲ್ಲ.

ಒಂದು ಹೊಸ ಪ್ಲಾಸ್ಟಿಕ್ ಚೀಲ ತಗೊಳ್ಳಿ. ಒಳಗೆ ಸ್ವಲ್ಪ ನೀರು ಹಾಕಿ ಚೆಲ್ಲಿ. ಈಗ ಆ ಚೀಲದ ಬಾಯಿ ಬಿಡಿಸಲು ನೋಡಿ. ಎರಡು ಮಗ್ಗುಲೂ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ನೀರಿಗೆ ಎಳೆಯುವ ಗುಣ ಇದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುವುದೂ ಅದಕ್ಕೇ. ಶ್ವಾಸಕೋಶದ ಗಾಳಿ ಚೀಲಗಳ ಒಳಗೂ ತೇವ ಇರುತ್ತದೆ. ಹಾಗಾದರೆ ಅವು ಯಾಕೆ ಅಂಟಿಕೊಳ್ಳುವುದಿಲ್ಲ?

ಅದಕ್ಕೆ ನಮ್ಮ ದೇಹವೇ ಒಂದು ಉಪಾಯ ಮಾಡಿಕೊಂಡಿದೆ. ಮಕ್ಕಳು ಪಪ್ಪಾಯಿ ಎಲೆಯ ದಂಟಿನಲ್ಲಿ ಸೋಪಿನ ನೀರು ಊದಿ ಗುಳ್ಳೆ ಬಿಡುತ್ತಾರಲ್ಲ? ಬರೀ ನೀರಿನಲ್ಲಿ ಅಂಥ ಗುಳ್ಳೆ ಬರುವುದಿಲ್ಲ, ಸೋಪು ಬೆರೆತರೆ ಬರುತ್ತದೆ. ಸೋಪು ನೀರಿನ ಎಳೆತವನ್ನು ಕಡಿಮೆ ಮಾಡುತ್ತದೆ. ಶ್ವಾಸಕೋಶದಲ್ಲೂ ಸೋಪಿನಂತೆ ಕೆಲಸ ಮಾಡುವ ಒಂದು ಜಿಡ್ಡಿನ ಪದಾರ್ಥ ಹುಟ್ಟುತ್ತದೆ. ವೈದ್ಯರು ಅದನ್ನು ಸರ್ಫ್ಯಾಕ್ಟೆಂಟ್ ಅನ್ನುತ್ತಾರೆ. ಹೆಸರು ಕಷ್ಟ. ನಾವು ಅದನ್ನು ಉಸಿರಿನ ಜಿಡ್ಡು ಅಂತ ಕರೆಯೋಣ.

ಈ ಜಿಡ್ಡು ಸುಮಾರು 24ನೇ ವಾರದಿಂದ ಸ್ವಲ್ಪ ಸ್ವಲ್ಪವೇ ಹುಟ್ಟಲು ಶುರುವಾಗುತ್ತದೆ. ಸಾಕಷ್ಟು ಆಗುವುದು 34–35 ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಕೂಸು ಹೊರಗೆ ಬಂದರೆ ಜಿಡ್ಡು ಸಾಲದು. ಉಸಿರು ಎಳೆದಾಗ ಗಾಳಿ ಚೀಲ ಬಿಚ್ಚುತ್ತದೆ, ಬಿಟ್ಟಾಗ ಮತ್ತೆ ಅಂಟಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಹೊಸದಾಗಿ ಬಿಚ್ಚಬೇಕು. ಹೊಸ ಬಲೂನಿಗೆ ಮೊದಲ ಸಲ ಊದುವಾಗ ನಮಗೆ ಎಷ್ಟು ಕಷ್ಟ! ಅಂಥ ಕಷ್ಟವನ್ನು ಒಂದೂವರೆ ಕೆಜಿಯ ಕೂಸು ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ ಪಡಬೇಕು. ಎಷ್ಟು ಹೊತ್ತು ತಾಳೀತು? ದಣಿದು ಸೋಲುತ್ತದೆ.

ಇದು ಬಡವರಿಗೆ ಮಾತ್ರ ಬರುವ ಕಷ್ಟ ಅಲ್ಲ. 1963ರ ಆಗಸ್ಟ್ 7ರಂದು ಅಮೆರಿಕ ದೇಶದ ಅಧ್ಯಕ್ಷ ಜಾನ್ ಕೆನಡಿ ಅವರಿಗೆ ಒಂದು ಗಂಡು ಮಗು ಹುಟ್ಟಿತು. ಐದೂವರೆ ವಾರ ಮುಂಚೆ ಹುಟ್ಟಿದ ಮಗು. ತೂಕ ಸುಮಾರು 2 ಕೆಜಿ 100 ಗ್ರಾಂ. ಪ್ಯಾಟ್ರಿಕ್ ಅಂತ ಹೆಸರಿಟ್ಟರು. ಕೂಸಿಗೆ ಉಸಿರಾಟದ ತೊಂದರೆ ಶುರುವಾಯಿತು. ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಗೆ ಒಯ್ದರು. ದೊಡ್ಡ ದೊಡ್ಡ ವೈದ್ಯರು ಸೇರಿದರು. ಆಮ್ಲಜನಕವನ್ನು ಒತ್ತಿ ತುಂಬಿದ ಕೋಣೆಯೊಳಗೆ ಕೂಸನ್ನು ಇಟ್ಟು ನೋಡಿದರು. ಹುಟ್ಟಿದ 39 ಗಂಟೆಗೆ ಮಗು ತೀರಿಕೊಂಡಿತು. ದೇಶ ಆಳುವವನ ಮನೆಯಲ್ಲೂ ಆ ದಿನ ತೊಟ್ಟಿಲು ಬರಿದಾಯಿತು.

ಕಾರಣ ಆಗಲೇ ಗೊತ್ತಾಗಿತ್ತು. ಮೇರಿ ಎಲೆನ್ ಏವರಿ ಎಂಬ ವೈದ್ಯೆ ಅದೇ ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ ಅದನ್ನು ಕಂಡುಹಿಡಿದಿದ್ದರು. ಉಸಿರು ಸಿಕ್ಕದೆ ತೀರಿಕೊಂಡ ಕೂಸುಗಳ ಶ್ವಾಸಕೋಶದಲ್ಲಿ ಈ ಜಿಡ್ಡು ಸಾಲದೇ ಇತ್ತು ಎಂದು ಅವರೂ ಅವರ ಜೊತೆಗಾರರೂ 1959ರಲ್ಲಿ ತೋರಿಸಿಕೊಟ್ಟರು. ಒಬ್ಬ ಹೆಣ್ಣುಮಗಳು ಹಚ್ಚಿದ ದೀಪ ಅದು. ಆದರೆ ಕಾರಣ ಗೊತ್ತಾದರೆ ಸಾಕೇ? ಆಗಿನ್ನೂ ಔಷಧಿ ಇರಲಿಲ್ಲ.

ಔಷಧಿ ಸಿಕ್ಕ ಕಥೆ ಕುರಿಮರಿಯಿಂದ ಶುರುವಾಯಿತು. ನ್ಯೂಜಿಲೆಂಡ್ ಅಂತ ಒಂದು ದೇಶ. ಅಲ್ಲಿ ಕುರಿ ಬಹಳ. ಅಲ್ಲಿನ ವೈದ್ಯ ಲಿಗಿನ್ಸ್, ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಅಂತ ತಿಳಿಯಲು ಕುರಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಅವರು ಸ್ಟಿರಾಯ್ಡ್ ಎಂಬ ಔಷಧಿ ಕೊಟ್ಟಿದ್ದ ಒಂದು ಕುರಿಮರಿ ಬಹಳ ಮುಂಚೆ ಹುಟ್ಟಿತು. ಅಷ್ಟು ಮುಂಚೆ ಹುಟ್ಟಿದ್ದು ಬದುಕಬಾರದು. ಆದರೆ ಅದು ಉಸಿರಾಡುತ್ತಿತ್ತು! ಔಷಧಿ ಅದರ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡಿತ್ತು. ಆಮೇಲೆ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ಮುಂಚೆ ಹೆರುವ ತಾಯಂದಿರಿಗೆ ಇಂಥ ಇಂಜೆಕ್ಷನ್ ಕೊಟ್ಟು ನೋಡಿದರು. ಕೂಸುಗಳಿಗೆ ಉಸಿರಾಟದ ತೊಂದರೆ ಕಡಿಮೆಯಾಯಿತು. ಇದನ್ನು 1972ರಲ್ಲಿ ಲೋಕಕ್ಕೆ ತಿಳಿಸಿದರು.

ಇವತ್ತಿಗೂ ಇದೇ ಮೊದಲ ಔಷಧಿ. ಹುಟ್ಟುವ ಮೊದಲೇ ಕೂಸಿಗೆ ತಲುಪುವ ಔಷಧಿ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಬೆಲೆ ಬಹಳ ಕಡಿಮೆ. 12 ಗಂಟೆಗೆ ಒಂದರಂತೆ ನಾಲ್ಕು ಸಲ. ನಾವೇ ಲೆಕ್ಕ ಹಾಕೋಣ. ಮೊದಲನೆಯದು ಸೋಮವಾರ ಬೆಳಗ್ಗೆ 6 ಗಂಟೆಗೆ ಆದರೆ ಎರಡನೆಯದು ಸಂಜೆ 6ಕ್ಕೆ. ಮೂರನೆಯದು ಮಂಗಳವಾರ ಬೆಳಗ್ಗೆ, ನಾಲ್ಕನೆಯದು ಮಂಗಳವಾರ ಸಂಜೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 36 ಗಂಟೆ. ಇಂಜೆಕ್ಷನ್ ಹಾಕಿದ ಕ್ಷಣವೇ ಶ್ವಾಸಕೋಶ ಬಲಿಯುವುದಿಲ್ಲ. ಅದಕ್ಕೆ ಹೊತ್ತು ಬೇಕು. ಅದಕ್ಕೇ ನಾವು ಹೇಳುವುದು: ನೋವು ಬಂದಾಗ "ಬೆಳಗಾಗಲಿ ನೋಡೋಣ" ಅನ್ನಬಾರದು. ಆ ಒಂದು ರಾತ್ರಿ ಕೂಸಿಗೆ ಬಹಳ ದೊಡ್ಡದು.

"ಬಸುರಿಗೆ ಇಂಜೆಕ್ಷನ್ ಕೊಟ್ರೆ ಕೂಸಿಗೆ ಏನಾದ್ರೂ ಆದೀತಲ್ವಾ?" ಎಂದು ಅತ್ತೆ ಕೇಳಬಹುದು. ಕೇಳುವುದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ 2,852 ಗರ್ಭಿಣಿಯರನ್ನು ಸೇರಿಸಿ ಇದನ್ನು ಪರೀಕ್ಷಿಸಿತು. ನಮ್ಮ ಬೆಳಗಾವಿಯ ವೈದ್ಯರೂ ಅದರಲ್ಲಿ ಇದ್ದರು. 2020ರಲ್ಲಿ ಫಲಿತಾಂಶ ಬಂತು. 25 ತಾಯಂದಿರಿಗೆ ಈ ಔಷಧಿ ಕೊಟ್ಟರೆ ಒಂದು ಕೂಸಿನ ಜೀವ ಹೆಚ್ಚಿಗೆ ಉಳಿಯುತ್ತದೆ. ತಾಯಂದಿರಿಗೆ ಅದರಿಂದ ಸೋಂಕು ಹೆಚ್ಚಾಗಲಿಲ್ಲ.

ಆದರೆ ಇದು ಮಂತ್ರದ ಇಂಜೆಕ್ಷನ್ ಅಲ್ಲ. ಹಳ್ಳಿ ಹಳ್ಳಿಯಲ್ಲಿ ಇದನ್ನು ಕೊಡುವುದನ್ನು ಇನ್ನೊಂದು ದೊಡ್ಡ ಅಧ್ಯಯನ ನೋಡಿತ್ತು. ಅದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಣ್ಣ ಕೂಸುಗಳ ಸಾವು ಕಡಿಮೆಯಾಗಲಿಲ್ಲ. ಹುಟ್ಟಿದ ಮೇಲೆ ಕೂಸನ್ನು ನೋಡಿಕೊಳ್ಳುವ ಏರ್ಪಾಡು ಇರಬೇಕು, ವಾರದ ಲೆಕ್ಕ ಸರಿಯಾಗಿ ಗೊತ್ತಿರಬೇಕು. ಆಗಲೇ ಇದರಿಂದ ಲಾಭ. 24ರಿಂದ 34 ವಾರದೊಳಗೆ ಹೆರಿಗೆ ಆಗುವ ಹಾಗಿದ್ದರೆ ಮಾತ್ರ ಇದನ್ನು ಕೊಡುತ್ತಾರೆ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಳುವವರು ವೈದ್ಯರು. ಅಂಗಡಿಯಿಂದ ತಂದು ಹಾಕಿಸಿಕೊಳ್ಳುವಂಥದ್ದಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಉಪಕೇಂದ್ರದ ನರ್ಸಮ್ಮ ಮೊದಲ ಇಂಜೆಕ್ಷನ್ ಕೊಡಲು 2014ರಲ್ಲೇ ಸರ್ಕಾರ ಅನುಮತಿ ಕೊಟ್ಟಿದೆ. ಕೊಟ್ಟರೆ, ಎಷ್ಟು ಗಂಟೆಗೆ ಕೊಟ್ಟರು ಅಂತ ಚೀಟಿಯಲ್ಲಿ ಬರೆಸಿಕೊಂಡು ಹೋಗಬೇಕು.

ಈಗ ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ. ಕೊನೆಯ ಮುಟ್ಟಿನ ದಿನ ಬರೆದಿದ್ದಾರೆಯೇ? ಹೆರಿಗೆಯ ದಿನ ಬರೆದಿದ್ದಾರೆಯೇ? ಇಷ್ಟು ದಿನ ಆ ಕಾರ್ಡನ್ನು ಬೇರೆಯವರು ಓದಿ ಹೇಳುತ್ತಿದ್ದರು. ಈಗ ನಾವೇ ಓದಬಹುದು. ಕುಬಸ ಆದ ಮೇಲೆ ನಾವು ತವರಿಗೆ ಹೋಗುತ್ತೇವೆ. ಬಳೆ, ಸೀರೆ, ಬುತ್ತಿ ಎಲ್ಲ ಗಂಟು ಕಟ್ಟುತ್ತೇವೆ. ಕಾರ್ಡು ಮಾತ್ರ ಗಂಡನ ಮನೆಯ ಮಾಡದಲ್ಲೇ ಉಳಿಯುತ್ತದೆ! ಆ ಗಂಟಿನಲ್ಲಿ ಮೊದಲು ಇಡಬೇಕಾದ್ದೇ ಅದು. ತವರಿನ ಹತ್ತಿರ ಸಣ್ಣ ಕೂಸುಗಳ ಘಟಕ ಯಾವ ಆಸ್ಪತ್ರೆಯಲ್ಲಿದೆ ಅಂತ ಆಶಾ ಅಕ್ಕನನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ದಿನ ತುಂಬುವ ಮೊದಲೇ ಹೊಟ್ಟೆ ಮತ್ತೆ ಮತ್ತೆ ಕಲ್ಲಿನ ಹಾಗೆ ಬಿಗಿಯಾದರೆ, ಸೊಂಟ ಬಿಟ್ಟು ಬಿಟ್ಟು ನೋಯುತ್ತಿದ್ದರೆ, ನೀರು ಹೋದರೆ, ರಕ್ತ ಕಂಡರೆ ತಡ ಮಾಡಬಾರದು. 108ಕ್ಕೆ ಫೋನ್ ಮಾಡಿ. ಕೂಸು ಹೊಟ್ಟೆಯಲ್ಲಿ ಇರುವಾಗಲೇ ದೊಡ್ಡ ಆಸ್ಪತ್ರೆ ಸೇರುವುದು ಒಳ್ಳೆಯದು. ಹುಟ್ಟಿದ ಮೇಲೆ ಸಣ್ಣ ಕೂಸನ್ನು ಗಾಡಿಯಲ್ಲಿ ಸಾಗಿಸುವುದು ಕಷ್ಟ. ತಾಯಿಯ ಹೊಟ್ಟೆಯಷ್ಟು ಬೆಚ್ಚಗಿನ ಗಾಡಿ ಬೇರೆ ಇಲ್ಲ.

ಹುಟ್ಟಿದ ಕೂಸಿಗೆ ಉಸಿರಾಟ ಕಷ್ಟ ಅಂತ ಹೇಗೆ ಗೊತ್ತಾಗುತ್ತದೆ? ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎದೆ ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. 60ರ ಒಳಗಿದ್ದರೆ ಸರಿ. 60 ದಾಟಿದರೆ ಅಪಾಯ. ಉಸಿರು ಎಳೆದಾಗ ಪಕ್ಕೆ ಒಳಗೆ ಸೆಳೆಯುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ. ತುಟಿ, ನಾಲಗೆ ನೀಲಿಯಾದರೆ ಬಹಳ ಅಪಾಯ. ಇನ್ನೊಂದು ಗುರುತು ಇದೆ. ಉಸಿರು ಬಿಡುವಾಗ ಪ್ರತಿ ಸಲವೂ "ಹ್ಞೂಂ, ಹ್ಞೂಂ" ಅಂತ ನರಳುತ್ತದೆ. "ಕೂಸು ಮಾತಾಡ್ತಾ ಇದೆ" ಅಂತ ಕೆಲವರು ನಗುತ್ತಾರೆ. ಅದು ಮಾತಲ್ಲ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋದರೆ ಚೀಲಗಳು ಅಂಟಿಕೊಳ್ಳುತ್ತವೆ. ಅದಕ್ಕೇ ಕೂಸು ಗಂಟಲು ಬಿಗಿ ಮಾಡಿ ಗಾಳಿಯನ್ನು ತಡೆದು ಹಿಡಿಯುತ್ತಿದೆ. ಅಷ್ಟು ಸಣ್ಣ ಜೀವಕ್ಕೂ ಎಂಥ ಬುದ್ಧಿ!

ಕೂಸಿನ ಈ ಉಪಾಯವನ್ನೇ ವೈದ್ಯರು ಯಂತ್ರದಲ್ಲಿ ಮಾಡುತ್ತಾರೆ. ಅದಕ್ಕೆ ಸಿ-ಪ್ಯಾಪ್ ಅಂತ ಹೆಸರು. 1971ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೈದ್ಯರು ಇದನ್ನು ಮೊದಲು ಲೋಕಕ್ಕೆ ತಿಳಿಸಿದರು. ಮೂಗಿಗೆ ಸಣ್ಣ ನಳಿಕೆ ಇಟ್ಟು, ಬೆಚ್ಚಗಿನ ತೇವದ ಗಾಳಿಯನ್ನು ಮೆಲ್ಲಗೆ ಒತ್ತುತ್ತಾ ಇರುತ್ತಾರೆ. ಕೂಸು ಉಸಿರು ಬಿಟ್ಟಾಗಲೂ ಸ್ವಲ್ಪ ಗಾಳಿ ಒಳಗೇ ನಿಲ್ಲುತ್ತದೆ. ಚೀಲ ಮುಚ್ಚಿಕೊಳ್ಳುವುದಿಲ್ಲ. ಈ ನಳಿಕೆಯ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿರುತ್ತಾರೆ. ಅಲ್ಲಿ ಬುಳುಬುಳು ಗುಳ್ಳೆ ಬರುತ್ತಾ ಇರುತ್ತದೆ. ಗುಳ್ಳೆ ಬರುತ್ತಿದ್ದರೆ ಗಾಳಿಯ ಒತ್ತಡ ಇದೆ ಅಂತ ಅರ್ಥ. ಕೂಸಿನ ಮೂಗಿಗೆ ನಳಿಕೆ ಕಂಡು ಅಳು ಬರುತ್ತದೆ, ನಿಜ. ಆದರೆ ಅದನ್ನು ಕೀಳಬಾರದು.

ಕೆಲವು ಕೂಸುಗಳಿಗೆ ಇದು ಸಾಲದು. ಅವುಗಳಿಗೆ ಉಸಿರಿನ ಜಿಡ್ಡನ್ನೇ ಹೊರಗಿನಿಂದ ಕೊಡುತ್ತಾರೆ. 1980ರಲ್ಲಿ ಜಪಾನ್ ದೇಶದ ವೈದ್ಯ ಫುಜಿವಾರ ಅವರು ಹಸುವಿನ ಶ್ವಾಸಕೋಶದಿಂದ ತೆಗೆದು ತಯಾರಿಸಿದ ಜಿಡ್ಡನ್ನು ಹತ್ತು ಕೂಸುಗಳಿಗೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಉಸಿರಾಟ ಸುಧಾರಿಸಿತು. ಪ್ಯಾಟ್ರಿಕ್ ತೀರಿಕೊಂಡು ಆಗ 17 ವರ್ಷವಾಗಿತ್ತು. ಈಗಲೂ ಹಸು ಇಲ್ಲವೆ ಹಂದಿಯ ಶ್ವಾಸಕೋಶದಿಂದ ತೆಗೆದು, ಶುದ್ಧ ಮಾಡಿ ಈ ಔಷಧಿ ತಯಾರಿಸುತ್ತಾರೆ. ಹಾಲಿನಂತೆ ಬೆಳ್ಳಗೆ ಇರುತ್ತದೆ. ಗಂಟಲಿನ ಒಳಗೆ ತೆಳು ನಳಿಕೆ ಇಳಿಸಿ ಶ್ವಾಸಕೋಶಕ್ಕೆ ಬಿಡುತ್ತಾರೆ. ಬೆಲೆ ಸಾವಿರಾರು ರೂಪಾಯಿ. ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಕೈಗೆ ಬಂದಾಗ ತಲೆ ಸುತ್ತುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಸುಗೂಸಿನ ಚಿಕಿತ್ಸೆ, ಔಷಧಿ, ಗಾಡಿ ಎಲ್ಲವೂ ಉಚಿತ ಅಂತ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದೆ. ಅದು ದಯೆ ಅಲ್ಲ, ನಮ್ಮ ಹಕ್ಕು. ಕೇಳಿ ಪಡೆಯಬೇಕು.

ತೀರಾ ಸೋತ ಕೂಸಿಗೆ ವೆಂಟಿಲೇಟರ್ ಎಂಬ ಯಂತ್ರ ಉಸಿರಾಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಎಲ್ಲ ಕೂಸುಗಳೂ ಉಳಿಯುತ್ತವೆ ಅಂತ ಹೇಳಲು ಬರುವುದಿಲ್ಲ. ತೀರಾ ಮುಂಚೆ ಹುಟ್ಟಿದವು ಕೆಲವು ಹೋಗುತ್ತವೆ. ಅದಕ್ಕೆ ತಾಯಿಯ ಕಾಲ್ಗುಣ ಕಾರಣ ಅಲ್ಲ, ಗ್ರಹಣ ಕಾರಣ ಅಲ್ಲ. ಅಂಥ ತಾಯಿಯನ್ನು ಯಾರಾದರೂ ಚುಚ್ಚಿ ಮಾತಾಡಿದರೆ ನಾವು ಬಾಯಿ ಮುಚ್ಚಿ ಕೂರಬಾರದು.

ಸಣ್ಣ ಕೂಸು ನಡುವೆ ನಡುವೆ ಉಸಿರಾಡುವುದನ್ನೇ ಮರೆಯುವುದೂ ಉಂಟು. ಮಿದುಳು ಇನ್ನೂ ಬಲಿತಿರುವುದಿಲ್ಲ. ಇದಕ್ಕೆ ಕೆಫೀನ್ ಎಂಬ ಔಷಧಿ ಕೊಡುತ್ತಾರೆ. ನಾವು ಕುಡಿಯುವ ಕಾಫಿಯಲ್ಲಿ ಇರುವುದೂ ಅದೇ. ಹಾಗಂತ ಕೂಸಿನ ಬಾಯಿಗೆ ಕಾಫಿ ಬಿಡಬೇಡಿ ಮತ್ತೆ! ಅದರ ಅಳತೆ ವೈದ್ಯರಿಗೇ ಗೊತ್ತು.

ಇಷ್ಟು ಹೊತ್ತು ಔಷಧಿ, ಯಂತ್ರದ ಮಾತಾಯಿತು. ತಾಯಿಯ ಕೆಲಸ ಏನು? ಬಹಳ ಇದೆ. ದಕ್ಷಿಣ ಅಮೆರಿಕದಲ್ಲಿ ಕೊಲಂಬಿಯಾ ಅಂತ ದೇಶ ಇದೆ. ಅಲ್ಲಿ ಕೂಸು ಇಡುವ ಬೆಚ್ಚನೆಯ ಪೆಟ್ಟಿಗೆಗಳು ಸಾಲದೆ ಬಂದವು. 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುತ್ತದಲ್ಲ, ಹಾಗೆ. ಅದಕ್ಕೇ ಇದು ಕಾಂಗರೂ ಆರೈಕೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಮೈಗೆ ಮೈ ತಾಗುವಂತೆ ಇಟ್ಟು ಬಟ್ಟೆಯಿಂದ ಕಟ್ಟಬೇಕು. ತಲೆ ಒಂದು ಮಗ್ಗುಲಿಗೆ ಇರಲಿ, ಮೂಗು ತೆರೆದಿರಲಿ, ಕತ್ತು ಮುದುಡದಿರಲಿ. ದಿನಕ್ಕೆ ಎಂಟು ಗಂಟೆಗೆ ಕಡಿಮೆ ಆಗಬಾರದು, ಹೆಚ್ಚಾದಷ್ಟೂ ಒಳ್ಳೆಯದು. ತಾಯಿಗೆ ದಣಿವಾದರೆ ತಂದೆ ಕಟ್ಟಿಕೊಳ್ಳಲಿ, ಅಜ್ಜಿ ಕಟ್ಟಿಕೊಳ್ಳಲಿ. ಗಂಡಸರ ಎದೆಯೂ ಬೆಚ್ಚಗೇ ಇರುತ್ತದೆ.

ಮೊದಲೆಲ್ಲ ಕೂಸು ಪೂರ್ತಿ ಸುಧಾರಿಸಿದ ಮೇಲೆ ತಾಯಿಗೆ ಕೊಡುತ್ತಿದ್ದರು. ಅಲ್ಲಿಯವರೆಗೆ ತಾಯಿ ಬಾಗಿಲ ಹೊರಗೆ. ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಅಧ್ಯಯನ ಇದನ್ನು ಬದಲಿಸಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಹುಟ್ಟಿದ ಕೂಡಲೆ, ಸಿ-ಪ್ಯಾಪ್ ಹಾಕಿದ್ದಾಗಲೂ, ಕೂಸನ್ನು ತಾಯಿಯ ಎದೆಗೆ ಕೊಟ್ಟರೆ ನಾಲ್ಕು ಸಾವಿನಲ್ಲಿ ಒಂದು ತಪ್ಪುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯ ಜೊತೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸೇರಿ ಈ ಆರೈಕೆಯನ್ನು ಹಳ್ಳಿಯ ತಾಯಂದಿರಿಗೆ ಮುಟ್ಟಿಸಿದ್ದಾರೆ. ಹಾಗಾಗಿ "ನನ್ನ ಕೂಸನ್ನು ಎದೆಗೆ ಯಾವಾಗ ಕೊಡ್ತೀರಿ ಸಿಸ್ಟರ್?" ಎಂದು ನಾವು ಕೇಳಬಹುದು. ಅಂಜಬೇಕಿಲ್ಲ.

ಚೀಪಲು ಬಾರದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ ನಳಿಕೆಯಲ್ಲಿ ಕೊಡುತ್ತಾರೆ. ಆಮೇಲೆ ಒಳಲೆಯಲ್ಲಿ. ಬಾಟಲಿ ಬೇಡ. ಜೇನು, ಬಜೆ, ಹರಳೆಣ್ಣೆ ಯಾವುದೂ ಬೇಡ. ಉಸಿರು ಸಿಕ್ಕದ ಕೂಸಿನ ಬಾಯಿಗೆ ಏನೇ ಬಿಟ್ಟರೂ ಅದು ಶ್ವಾಸಕೋಶಕ್ಕೆ ಇಳಿಯುವ ಭಯ ಇದೆ.

ಮನೆಗೆ ಬಂದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ, ಲೋಬಾನದ ಹೊಗೆ ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಈ ಕೂಸಿನ ಶ್ವಾಸಕೋಶ ಈಗ ತಾನೇ ಗೆದ್ದು ಬಂದಿದೆ. ಹೊಗೆ ಅದಕ್ಕೆ ವಿಷ. ಒಲೆ ಹೊಗೆ, ಬೀಡಿ ಹೊಗೆಯೂ ಹಾಗೇ. ಅಜ್ಜಿಗೆ ಬೇಜಾರಾಗದ ಹಾಗೆ ತಿಳಿಸಿ ಹೇಳಿ: "ಅಮ್ಮಾ, ಡಾಕ್ಟರು ಬೇಡ ಅಂದಿದ್ದಾರೆ. ನೀವು ಎದೆ ಮೇಲೆ ಮಲಗಿಸ್ಕೊಳ್ಳಿ, ಅದೇ ಶಾಖ." ತೂಕ ಏರುವವರೆಗೆ ತಲೆಗೆ ನೀರು ಹಾಕಿ ಎರೆಯುವುದೂ ಬೇಡ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಸಿರು ಕಟ್ಟಿದೆ ಅಂತ ಬರೆ ಹಾಕುವುದನ್ನಂತೂ ಯಾರಿಗೂ ಬಿಡಬೇಡಿ. ಕೂಸು 20 ಸೆಕೆಂಡು ಉಸಿರು ನಿಲ್ಲಿಸಿದರೆ, ಇಲ್ಲವೆ ನೀಲಿಯಾದರೆ, ಅಂಗಾಲು ತಿಕ್ಕಿ ಎಬ್ಬಿಸುತ್ತಲೇ 108 ಕರೆಸಿ.

ಇನ್ನು ಕಣ್ಣು. ದಿನ ತುಂಬದ ಕೂಸಿನ ಕಣ್ಣಿನ ಒಳಪದರವೂ ಬಲಿತಿರುವುದಿಲ್ಲ. ಆಮ್ಲಜನಕ ಜೀವ ಉಳಿಸುತ್ತದೆ, ಆದರೆ ಅಳತೆ ಮೀರಿದರೆ ಕಣ್ಣಿಗೆ ಕೆಡುಕು. ಕೂಸು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ದೃಷ್ಟಿ ಹೋಗುತ್ತಿರುತ್ತದೆ. ಬೇಗ ಕಂಡರೆ ಚಿಕಿತ್ಸೆ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಜಿಲ್ಲೆಗಳಿಗೇ ಕ್ಯಾಮೆರಾ ಒಯ್ದು ಇಂಥ ಕೂಸುಗಳ ಕಣ್ಣು ನೋಡುವ ಕೆಲಸ ಶುರು ಮಾಡಿದರು. ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ಆಸ್ಪತ್ರೆಯಿಂದ ಕಳಿಸುವಾಗ ಕೊಡುವ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನ ಇದೆಯೇ ಅಂತ ಬಾಗಿಲು ದಾಟುವ ಮೊದಲೇ ಓದಿ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.